ರಂಗೂನಿಗೆ ಬೇಕಾದ ಭಾಷೆ

ಶ್ರೀ ಚೌಡೇಶ್ವರಿ ಪ್ರಸನ್ನ

ಕೊಳ್ಳೇಗಾಲ,
ತಾ. 17-2-1929, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ರುದ್ರಾಣಿಗೆ,

ನಿನ್ನ ಅಪ್ಪಯ್ಯನ ತುಂಬು ಮನಸ್ಸಿನ ಆಶೀರ್ವಾದ. ನೀನು ಹೇಗಿದ್ದೀಯ ಮಗಳೇ? ಅಳಿಯಂದಿರು ಹೊನ್ನಯ್ಯನವರ ಕೆಮ್ಮು ವಾಸಿಯಾಯಿತೆ? ಅಂಗಡಿಯಲ್ಲಿ ದಿನವೆಲ್ಲ ನಿಂತೇ ಇರುತ್ತಾರೆಂದು ಬರೆದಿದ್ದೆ, ಮಧ್ಯಾಹ್ನ ಒಂದು ಗಳಿಗೆಯಾದರೂ ಕೂತು ಉಣ್ಣಲು ಹೇಳು. ದೊಡ್ಡವಳಿಗೆ ಹಲ್ಲು ಬಿದ್ದಿದ್ದು ಹೊಸದು ಬಂತೆ? ಚಿಕ್ಕವನು ಗೋಡೆ ಹಿಡಿದು ನಡೆಯುತ್ತಾನೆಂದು ಓದಿ ನನಗೆ ಇಲ್ಲಿ ಕೂತಲ್ಲೇ ಗಾಬರಿ. ನಿಮ್ಮದು ಮಹಡಿ ಮನೆ, ಮೆಟ್ಟಿಲಿಗೆ ಅಡ್ಡ ಏನಾದರೂ ಇಡು. ನಾನು ಗಟ್ಟಿಯಾಗಿದ್ದೇನೆ. ಪಕ್ಕದ ಚಿಕ್ಕಪ್ಪನ ಮನೆಯಿಂದ ನಿನ್ನ ಚಿಕ್ಕಮ್ಮ ಎರಡು ಹೊತ್ತೂ ಊಟ ಕಳಿಸುತ್ತಾಳೆ. ಉಪ್ಪಿನ ಹದ ಮಾತ್ರ ಅವಳ ಕೈಗೆ ಯಾವತ್ತೂ ಸಿಕ್ಕಿದ್ದಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಉಣ್ಣುತ್ತೇನೆ, ಅಷ್ಟರ ಮಟ್ಟಿಗೆ ನಿನ್ನ ಅಪ್ಪಯ್ಯ ಸುಧಾರಿಸಿದ್ದಾನೆ ಅಂದುಕೋ.

ನಿನ್ನ ಕಾಗದ ತಲುಪಿ ಹತ್ತು ದಿನವಾಯಿತು. ಬೈದಿದ್ದೀಯ. ಬೈಯುವ ಹಕ್ಕು ನಿನಗಿದೆ. 'ಅಮ್ಮ ಕಡೆಗೆ ಏನಂದಳು, ನನ್ನ ಹೆಸರು ಹಿಡಿದಳೇ ಎಂದು ಹೋದ ಕಾಗದದಲ್ಲೇ ಕೇಳಿದ್ದೆ. ನೀನು ಬರೀ ಊರ ಸುದ್ದಿ ಬರೆದು ಕಳಿಸಿದ್ದೀಯ. ನೀನು ಇಲ್ಲಿಗೆ ಬಂದ ಮೇಲೆ ಬಾಯಿ ಬಿಡಿಸುತ್ತೇನೆ ಇರು' ಎಂದು ಬರೆದಿದ್ದೀಯ. ಸರಿ, ಹೇಳುತ್ತೇನೆ. ನಾನು ಮೊದಲಿಂದ ಹೇಳದೆ ಕೊನೆಯದನ್ನು ಹೇಳಲಾರದ ಮನುಷ್ಯ. ಮಗ್ಗಕ್ಕೆ ಹಾಸು ಹೂಡದೆ ಸೆರಗು ನೇಯಿ ಎಂದರೆ ಯಾರಿಂದ ಆಗುತ್ತದೆ? ಒಂದಿಷ್ಟು ತಾಳಿಕೊಂಡು ಓದು.

ಶ್ರಾವಣದಲ್ಲಿ ನಿನ್ನ ಕಾಗದ ಬಂತಲ್ಲ, ಅಪ್ಪಯ್ಯ ಅಮ್ಮ ಇಬ್ಬರೂ ರಂಗೂನಿಗೆ ಬನ್ನಿ, ಆರು ತಿಂಗಳು ಇದ್ದು ಮೊಮ್ಮಕ್ಕಳನ್ನು ಆಡಿಸಿ ಹೋಗಿ ಎಂದು, ಅದನ್ನು ನಾನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ನಿಮ್ಮಮ್ಮ ಒಳಗಿನಿಂದ ಓಡಿ ಬಂದು, ಇನ್ನೊಂದು ಸಲ ಓದಿ ಎಂದಳು. ಮೂರು ಸಲ ಓದಿಸಿದಳು. ಅವತ್ತೇ ಅಟ್ಟದ ಮೇಲಿನ ಟ್ರಂಕು ಇಳಿಸಿ ಬಿಸಿಲಿಗಿಟ್ಟಳು. ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: ಇಲ್ಲಿ ಕನ್ನಡ ನಡೆಯುವುದಿಲ್ಲ, ಹಡಗಿನಲ್ಲಿ ನಾಲ್ಕು ದಿನ ಮೂಕರ ಹಾಗೆ ಕೂರಬೇಕಾಗುತ್ತದೆ, ಯಾವುದಾದರೂ ಒಂದು ಭಾಷೆ ನಾಲ್ಕು ಮಾತಿನಷ್ಟಾದರೂ ಕಲಿತು ಬನ್ನಿ ಎಂದು. ಯಾವುದು ಎಂದು ನೀನು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನನಗೆ ಹೆದರಿ ಬಿಟ್ಟೆ ಅಲ್ಲವೆ?

ಸರಿ, ಭಾಷೆ ಹುಡುಕುವುದಕ್ಕೆ ಹೊರಟೆ. ಹೆಣ್ಣು ನೋಡಲು ಹೊರಟವನ ಹಾಗೆ ಊರೂರು ಸುತ್ತಿದೆ. ಹೊನ್ನೂರಿನ ಪುಟ್ಟಮಾದಪ್ಪನವರು ಮಗನ ಮದುವೆಗೆ ನಮ್ಮಲ್ಲೇ ಸೀರೆ ನೇಯಿಸಿದ್ದರು, ಅದನ್ನು ತಲುಪಿಸುವ ನೆಪದಲ್ಲಿ ಅವರ ಮನೆಗೆ ಹೋಗಿ ಕೇಳಿದೆ. ಅವರು ಆಲೆಮನೆಯ ಮುಂದೆ ಕೂತು ಬಿಸಿ ಬೆಲ್ಲ ಕೈಗಿಟ್ಟು, 'ಇಂಗ್ಲೀಸು ಕಲೀರಿ ಕಣ್ರಿ ರಾಮಲಿಂಗಯ್ನೋರೆ. ಅಡಗೂ ಅವರ್ದೇ, ರಂಗೂನೂ ಅವರ್ದೇ. ನಿಮ್ಮ ಕೊಳ್ಳೇಗಾಲ್ವೂ ಅವರ್ದೇ ತಾನೆ? ನಮ್ಗಾದ್ರೆ ಮಾರಾಜ್ರು ಅವ್ರೆ' ಎಂದು ನಗಾಡಿದರು. ಅದೂ ನಿಜವೇ, ಅವರದು ಮೈಸೂರು ಸೀಮೆ, ನಮ್ಮದು ಮದರಾಸಿನ ಇಂಗ್ಲೀಷರದು. ಹೊನ್ನೂರಿಗೆ ಹೋಗಿ ಬಂದರೆ ನಾವು ಬೇರೆ ರಾಜ್ಯಕ್ಕೆ ಹೋಗಿ ಬಂದ ಹಾಗೆಯೇ. ನಾನು ಬದುಕಿನಲ್ಲಿ ಮಾಡಿದ ಪರದೇಶ ಪ್ರಯಾಣ ಅದೊಂದೇ. ಅಲ್ಲಿ ಭಾಷೆಯ ತೊಂದರೆ ಆಗಲಿಲ್ಲ.

ಆಮೇಲೆ ಒಂದು ಸಂತೆಯ ದಿನ ಬಂಡಳ್ಳಿಯ ಸಿದ್ದಮಲ್ಲಪ್ಪ ಹುಣಸೆಹಣ್ಣು ಮಾರಿ ನಮ್ಮ ಜಗಲಿಗೆ ಬಂದು ಕೂತ. ಅವನು ಮೀಸೆ ಬಂದ ಹೊಸದರಲ್ಲಿ ಮನೆಯವರ ಜೊತೆ ಜಗಳವಾಡಿ ಓಡಿಹೋಗಿ ರಂಗೂನಿನ ಮರದ ಮಿಲ್ಲಿನಲ್ಲಿ ಆರು ವರ್ಷ ಇದ್ದು ಬಂದವನು. ಬರ್ಮಾ ಭಾಷೆ ಕಲಿಯಲೇ ಎಂದು ಕೇಳಿದೆ. ಅವನು ಕೈ ಅಲ್ಲಾಡಿಸಿಬಿಟ್ಟ. 'ಅದು ನಮ್ ನಾಲ್ಗೆಗೆ ಅತ್ತಕಿಲ್ಲ ಕಣ್ರಿ. ಅದ್ಯಾಕೆ ಬೇಕು? ರೇವಲ್ಲಿ ಇಳಿದ್ರೆ ಮೂಟೆ ಓರೋನು ತೆಲುಗ್ನೋನು, ರಿಕ್ಸಾ ಎಳೆಯೋನು ತೆಲುಗ್ನೋನು, ಗುಡ್ಸೋಳು ತೆಲುಗ್ನೋಳು. ತೆಲುಗು ಒಂದಿದ್ರೆ ರಂಗೂನ್ನಾಗೆ ಮಾವನ ಮನೇಲಿದ್ದಂಗೆ ಇರಬೋದು.' ಇಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. 'ಅಲ್ಲಾ, ನಿಮ್ ಅಟ್ಟಿ ಅಮ್ಮಾರು ಸೇಲಂ ಕಡೆ ತೆಲುಗ್ನೋರಲ್ವ? ಮನೇಲೇ ಮೇಷ್ಟ್ರುನ್ನ ಮಡಿಕಂಡು ಊರೂರು ಸುತ್ತೀರಲ್ಲ!' ಎಂದು ತೊಡೆ ತಟ್ಟಿಕೊಂಡು ನಕ್ಕ.

ಒಳಗೆ ನಿಮ್ಮಮ್ಮ ರಾಟೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ರಾಟೆ ನಿಂತುಹೋಯಿತು. ನಾನು ತಿರುಗಿ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ರುದ್ರಿ. ಐವತ್ತರ ಹತ್ತಿರದ ಹೆಂಗಸು, ಮದುವೆಯಾದ ಹೊಸದರಲ್ಲಿ ಏನಾದರೂ ಕೇಳಬೇಕೆಂದಾಗ ನಿಲ್ಲುತ್ತಿದ್ದ ಹಾಗೆ ಕಣ್ಣು ಅರಳಿಸಿಕೊಂಡು ಕೂತಿದ್ದಳು. ನಾನು ಒಂದೇ ಒಂದು ಮಾತು, ಹೂಂ ಕಲಿಸು ನೋಡೋಣ ಎಂದಿದ್ದರೆ ಸಾಕಾಗಿತ್ತು. ನಾನು ಅನ್ನಲಿಲ್ಲ. 'ಇಂಗ್ಲೀಷು ಅಂತ ತೀರ್ಮಾನ ಆಗಿದೆ' ಎಂದು ಸಿದ್ದಮಲ್ಲಪ್ಪನಿಗೆ ಹೇಳಿ ಎಲೆ ಅಡಿಕೆ ತಟ್ಟೆ ತಳ್ಳಿದೆ. ತೀರ್ಮಾನವೂ ಆಗಿರಲಿಲ್ಲ, ಮಣ್ಣೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ರಾಟೆ ಮತ್ತೆ ತಿರುಗಿತು. ಸಾಯಂಕಾಲ ಊಟಕ್ಕೆ ಕೂತಾಗ ಅವಳು ಅಂದದ್ದು ಇಷ್ಟೇ: 'ನಿಮ್ಗೆ ಯಾವ್ದು ಸರಿಯೋ ಅದೇ ಕಲೀರಿ. ನಾನು ಯಾರ ಕೂಟೆ ಮಾತಾಡಬೇಕು, ಮಕ್ಕಳನ್ನ ಎತ್ಕಂಡ್ರೆ ಸಾಕು.'

ಅದರ ಹಿಂದಿನದು ನಿನಗೆ ಪೂರಾ ಗೊತ್ತಿಲ್ಲ. ನಿಮ್ಮಮ್ಮ ಹೇಳಿರಲಾರಳು, ಗಂಡನನ್ನು ಬಿಟ್ಟುಕೊಡುವ ಜಾತಿಯಲ್ಲ ಅವಳು. ಅವಳು ಈ ಮನೆಗೆ ಬಂದಾಗ ಹದಿನಾರು ವರ್ಷ. ನಮ್ಮವರೇ ಆದರೂ ಅವರ ಮನೆಮಾತು ತೆಲುಗು, ಕನ್ನಡ ಅಷ್ಟಕ್ಕಷ್ಟೇ. ಬಂದು ಎರಡು ತಿಂಗಳಿಗೆ ಯಳಂದೂರಿನ ಒಂದು ಮದುವೆ ಸೀರೆಗೆ ಅಚ್ಚು ಕೆಚ್ಚಬೇಕಾಗಿತ್ತು. ನಿನ್ನ ಮಕ್ಕಳು ಇದನ್ನು ನೋಡಿರುವುದಿಲ್ಲ, ಹೇಳು ಅವಕ್ಕೆ: ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಒಂದೊಂದೇ ಎಳೆಯಾಗಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆದು ಕೂಡಿಸುವುದು. ಸಾವಿರಗಟ್ಟಲೆ ಎಳೆ. ನಮ್ಮ ಮನೆಯಲ್ಲಿ ಎದುರುಬದುರು ಕೂತ ಇಬ್ಬರು ಒಂದೇ ಬಾಯಲ್ಲಿ ಎಣಿಸುತ್ತ ಕೂಡಿಸಬೇಕು, ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಬೇಕು. ಅದು ನಮ್ಮ ಪದ್ಧತಿ. ಈ ಕಡೆ ನಿನ್ನ ಅಜ್ಜಿ ಚನ್ನಾಜಮ್ಮ, ಆ ಕಡೆ ಹೊಸ ಸೊಸೆ. ಅಜ್ಜಿ ಕನ್ನಡದಲ್ಲಿ ಎಣಿಸಿದರೆ ಈ ಹುಡುಗಿ ಕೈ ಓಡಲೆಂದು ತನ್ನ ಮಾತಿನಲ್ಲಿ ಒಳಗೊಳಗೇ ಎಣಿಸಿಕೊಂಡಿದ್ದಾಳೆ. ಅಜ್ಜಿ ಎಲೆ ಹಾಕಿಕೊಳ್ಳಲು ಎದ್ದು ಹೋಗಿ ಬಂದು ಕೇಳಿದರೆ ಎಣಿಕೆ ಎಲ್ಲಿಗೆ ಬಂದಿದೆ ಎಂದು ಅವಳಿಗೆ ಕನ್ನಡದಲ್ಲಿ ಹೇಳಲು ಬರಲಿಲ್ಲ. ಹೆದರಿ ಏನೋ ಒಂದು ಹೇಳಿದಳು. ಅಂಚಿಗೆ ಸೇರಬೇಕಾದ ನಲವತ್ತು ಎಳೆ ಸೀರೆಯ ಒಡಲಿಗೆ ಹೋಯಿತು. ನಾನು ಮೂರು ಮೊಳ ನೇದ ಮೇಲೆ ಕಣ್ಣಿಗೆ ಬಿತ್ತು. ಕತ್ತರಿಸಿ ತೆಗೆಯಬೇಕಾಯಿತು.

ಅಜ್ಜಿ ಕೂಗಾಡಿದಳು, ಅದು ಅವಳ ಗುಣ. ನನ್ನ ಗುಣ ನಾನು ಹೇಳಬೇಕು. ನನಗೆ ಇಪ್ಪತ್ತೆರಡು, ಕೈಗೆ ಹೊಸದಾಗಿ ಮಗ್ಗ ಬಂದಿತ್ತು, ಬೀದಿಯವರೆಲ್ಲ ಬಂದು ಕತ್ತರಿಸಿದ್ದನ್ನು ನೋಡಿಕೊಂಡು ಹೋದರು. ನಾನು ಅವಳ ಕೈಯನ್ನು ಮಗ್ಗದ ಮೇಲೆ ಇಡಿಸಿ, ಇನ್ನು ಈ ಮನೆಯಲ್ಲಿ ಆ ಭಾಷೆ ಒಂದು ಮಾತೂ ಆಡುವುದಿಲ್ಲ ಎಂದು ಆಣೆ ಮಾಡಿಸಿದೆ. ಆಮೇಲೂ ಎಂಟು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಒಂಬತ್ತನೆಯ ದಿನ ಮಾತು ತಾನಾಗಿ ಶುರುವಾಯಿತು. ಆದದ್ದಾಯಿತು ಬಿಡು ಎಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಿನ್ನ ಅಜ್ಜಿ ಹೋಗಿ ಹನ್ನೆರಡು ವರ್ಷವಾಯಿತು. ಅವಳು ಹೋದ ಮೇಲಾದರೂ ಆಣೆ ಬಿಡಿಸಬಹುದಾಗಿತ್ತು. ನನಗೆ ನೆನಪೇ ಆಗಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯೋ ಇಲ್ಲವೋ. ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲಿ ಒಬ್ಬಳು ತನ್ನ ತಾಯಿಮಾತನ್ನು ನುಂಗಿಕೊಂಡಿದ್ದಾಳೆ ಎಂಬುದು ನನಗೆ ನಿಜವಾಗಿ ಮರೆತುಹೋಗಿತ್ತು.

ಇಂಗ್ಲೀಷಿನ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಪ್ರೈಮರು ತಂದೆ. ಕೆಂಪು ರಟ್ಟು, ಒಳಗೆ ಬೆಕ್ಕಿನ ಚಿತ್ರ. ಲಾಳಿ ಎಸೆಯುತ್ತ ಎ ಬಿ ಸಿ ಹೇಳುತ್ತಿದ್ದೆ. ಬೀದಿಯಲ್ಲಿ ಹೋಗುವವರು ನಿಂತು, 'ದೊರೆಗಳು ಸೀರೆ ನೇಯ್ತಾ ಅವ್ರೆ' ಎಂದು ನಗುತ್ತಿದ್ದರು. ನಿಮ್ಮಮ್ಮನೂ ನಗುತ್ತಿದ್ದಳು. ಹೀಗೆ ಜಿ ಅಕ್ಷರದವರೆಗೆ ಬಂದಿದ್ದೆ. ಕಾರ್ತೀಕದ ಎರಡನೆಯ ಸೋಮವಾರ ಅವಳಿಗೆ ಚಳಿ ಹತ್ತಿತು.

ಈಗ ನೀನು ಕೇಳಿದ್ದು. ಜ್ವರ ಬಂದ ದಿನದಿಂದ ನಾನು ಮಗ್ಗಕ್ಕೆ ಇಳಿಯಲಿಲ್ಲ. ಡಾಕ್ಟರು ಎರಡು ಸಲ ಬಂದು ಕಹಿ ಔಷಧ ಕೊಟ್ಟು ಹೋದರು. ಐದನೆಯ ದಿನ ಅವಳು ಕನ್ನಡ ಬಿಟ್ಟಳು. ಪೂರಾ ಬಿಟ್ಟಳು. ಕಡೆಯ ಮೂರು ದಿನ ಆಡಿದ್ದೆಲ್ಲ ತೆಲುಗು. ಸಣ್ಣ ಹುಡುಗಿಯ ದನಿಯಲ್ಲಿ, ಸರಸರನೆ, ನಗುತ್ತ, ಒಂದೊಂದು ಸಲ ಯಾರನ್ನೋ ಗದರಿಸುತ್ತ. ನಿನ್ನ ಚಿಕ್ಕಮ್ಮ ಹೆದರಿ, 'ಅಕ್ಕನ್ ಮೈಮ್ಯಾಲೆ ಏನೋ ಬಂದದೆ ಭಾವ' ಎಂದು ವಿಭೂತಿ ಹಚ್ಚಿದಳು. ನಾನೂ ಜ್ವರದ ಬಡಬಡಿಕೆ ಅಂದುಕೊಂಡೆ. ನಿನ್ನ ಹೆಸರು ಹಿಡಿದಳು ಮಗಳೇ, ಅದರಲ್ಲಿ ಸುಳ್ಳಿಲ್ಲ. ದಿನಕ್ಕೆ ಹತ್ತು ಸಲವಾದರೂ ರುದ್ರಾಣೀ ರುದ್ರಾಣೀ ಎಂದು ಕರೆದು ಏನೇನೋ ಹೇಳುತ್ತಿದ್ದಳು. ಏನು ಎಂದು ನಾನು ಹೇಗೆ ಬರೆಯಲಿ? ಒಂದು ಮಾತೂ ನನಗೆ ತಿಳಿಯಲಿಲ್ಲ. ನಿನಗೆಂದು ಹೇಳಿದ ಮಾತುಗಳನ್ನೆಲ್ಲ ಕಿವುಡನ ಕೈಗೆ ಕೊಟ್ಟು ಹೋದಳು. ಹೋದ ಕಾಗದದಲ್ಲಿ ನಾನು ಇದನ್ನು ಬರೆಯದೆ ಇದ್ದದ್ದು ಇದಕ್ಕೇ.

ಅವಳು ಹೋದ ಮೇಲೆ ಬಂದ ನಿನ್ನ ಮೊದಲ ಕಾಗದವನ್ನು ಎರಡು ಸಲ ಓದಿದೆ. ಹಡಗಿನಲ್ಲಿ ನೀನು ವಾಂತಿ ಮಾಡಿಕೊಂಡು ಬಿದ್ದಿದ್ದಾಗ ಗಂಜಿ ಕಾಯಿಸಿ ಕೊಟ್ಟವಳು ತೆಲುಗಿನವಳು, ಹೆರಿಗೆಗೆ ಬಂದ ಸೂಲಗಿತ್ತಿ ತೆಲುಗಿನವಳು, ಅಮ್ಮ ಕಲಿಸಿದ ಮಾತು ಇಲ್ಲದಿದ್ದರೆ ಎರಡು ಸಲವೂ ನೀನು ಉಳಿಯುತ್ತಿರಲಿಲ್ಲ ಎಂದು ಬರೆದಿದ್ದೀಯ. ಯಾವಾಗ ಕಲಿಸಿದಳು ಎಂದು ನಾನು ಬಾಯಿ ಬಿಟ್ಟುಕೊಂಡು ಮುಂದೆ ಓದಿದರೆ, ಕೆರೆಯಲ್ಲಿ ಬಟ್ಟೆ ಒಗೆಯುವಾಗಂತೆ. 'ಮಗ್ಗದ ಸದ್ದು ಕೇಳದ ಕಡೆ ಮಗ್ಗದ ಆಣೆ ತಟ್ಟೋದಿಲ್ಲ' ಎಂದು ಹೇಳಿ ಕಲಿಸುತ್ತಿದ್ದಳಂತೆ. ಅದನ್ನು ಓದಿದ ಮೇಲೆ ನನಗೆ ಗೊತ್ತಾಯಿತು. ಅದು ಬಡಬಡಿಕೆಯಲ್ಲ ರುದ್ರಿ. ಮನೆಯಲ್ಲಿ ಮಗ್ಗ ನಿಂತಿತ್ತು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಅಷ್ಟು ದಿನ ಮಗ್ಗ ನಿಂತಿತ್ತು, ಅವಳು ಮಾತಾಡಿದಳು.

ಮಾರನೆಯ ದಿನವೇ ಪ್ರೈಮರನ್ನು ಅಟ್ಟಕ್ಕೆ ಎಸೆದು ಬಳೆಯ ಕೆಂಚಯ್ಯನ ಮನೆಗೆ ಹೋದೆ. ಅವರ ಮನೆಮಾತು ತೆಲುಗು. ರಂಗೂನಿಗೆ ಹೋಗಬೇಕು, ತೆಲುಗು ಹೇಳಿಕೊಡು ಎಂದೆ. ಅವನು ಬಳೆ ಮಲಾರ ಪಕ್ಕಕ್ಕಿಟ್ಟು ನನ್ನನ್ನು ನೋಡಿದ. 'ಅಮ್ಮಾರು ನನ್ ಕೂಟೆ ಮಾತಾಡೋರು ಕಣ್ ಸಾ. ಬಳೆ ತೊಡಿಸ್ಕಳಕ್ಕೆ ಇಲ್ಲಿಗೇ ಬರೋರಲ್ಲ, ಇದಕ್ಕೇ. ನಾಕ್ ಬಳೆಗೆ ನಾಕ್ ಮಾತು. ಯಾರ್ಗೂ ಏಳ್ಬೇಡಿ ಅಂದಿದ್ರು.' ಬಳೆಗಾರ ಮನೆ ಬಾಗಿಲಿಗೆ ಬಂದರೂ ತೊಡದೆ ಅವನ ಬೀದಿಗೇ ಹೋಗುತ್ತಾಳಲ್ಲ, ಎಂಥ ಶೋಕಿ ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೆ.

ದಿನಾ ಬೆಳಿಗ್ಗೆ ಅವನ ಜಗಲಿಯಲ್ಲಿ ಕೂರುತ್ತೇನೆ. ಐವತ್ತಮೂರನೆಯ ವಯಸ್ಸಿಗೆ ಒಕಟಿ, ರೆಂಡು, ಮೂಡು. ಬಳೆ ತೊಡಲು ಬಂದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ, ನಗಲಿ. ಊರವರಿಗೆಲ್ಲ ಹಡಗಿಗೆ ಬೇಕು ಎಂದು ಹೇಳಿದ್ದೇನೆ. ಹಡಗು ಸುಡಲಿ. ಆ ಮೂರು ದಿನದಲ್ಲಿ ಕಿವಿಗೆ ಬಿದ್ದದ್ದರಲ್ಲಿ ಅಲ್ಲೊಂದು ಇಲ್ಲೊಂದು ಚೂರು ನೆನಪಿದೆ, ಅದನ್ನು ಬಿಡಿಸಿಕೊಂಡು ನಿನಗೆ ಬರೆಯಬಹುದೆಂದು ನನ್ನ ಆಸೆಯಾಗಿತ್ತು. ದಿನಗಳು ಹೋದ ಹಾಗೆ ನೆನಪೂ ಸವೆಯುತ್ತಿದೆ. ಹಾಡಿನ ಹಾಗೆ ಒಂದು ಧಾಟಿ ಉಳಿದಿದೆ, ಮಾತು ಉಳಿದಿಲ್ಲ. ನಿನಗೆ ಹೇಳಿದ್ದು ಏನೆಂದು ನಾನು ಇನ್ನು ಕಂಡುಹಿಡಿಯಲಾರೆ. ನನ್ನನ್ನು ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆ.

ಯುಗಾದಿ ಕಳೆದ ಮೇಲೆ ಅಳಿಯಂದಿರ ಅಂಗಡಿಯವರು ಮದರಾಸಿಗೆ ಬರುತ್ತಾರೆ, ಅವರ ಜೊತೆ ಹಡಗು ಹತ್ತು ಎಂದು ಬರೆದಿದ್ದೀಯ. ಟ್ರಂಕು ಇನ್ನೂ ಕೆಳಗೇ ಇದೆ, ನಿಮ್ಮಮ್ಮ ಇಟ್ಟಲ್ಲೇ. ಮೊಮ್ಮಗಳಿಗೆಂದು ಅವಳು ಹೇಳಿ ನೇಯಿಸಿದ ಹಸಿರು ಪಾವಡೆಯ ರೇಷ್ಮೆ ಮುಗಿದಿದೆ. ನಾನು ಬಂದರೂ ಬರದಿದ್ದರೂ ಅದನ್ನು ಅವರ ಕೈಯಲ್ಲಿ ಕಳಿಸುತ್ತೇನೆ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ತಾತನ ಮುತ್ತು. ನೀನು ಅತ್ತು ಆರೋಗ್ಯ ಕೆಡಿಸಿಕೊಳ್ಳಬೇಡ. ತಾಯಿ ಚೌಡೇಶ್ವರಿ ನಿನ್ನ ಸಂಸಾರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ.

ಇಂತಿ ನಿನ್ನ ಅಪ್ಪಯ್ಯ,
ರಾಮಲಿಂಗಯ್ಯ

ಮತ್ತೆ: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಕಿತ್ತು ಬರೆಯುತ್ತಿದ್ದೇನೆ. ಟಪಾಲಿನ ಮೋಟಾರು ಹೊರಡುವ ಹೊತ್ತು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಒಂದು ಮಾತೂ ತಿಳಿಯಲಿಲ್ಲ ಎಂದೆನಲ್ಲ, ಆಗ ತಿಳಿಯಲಿಲ್ಲ. ಈಗ ಒಂದು ತಿಳಿದಿದೆ. ಅದು ನಿನಗೆ ಹೇಳಿದ್ದಲ್ಲ, ನನ್ನನ್ನು ಕೇಳಿದ್ದು. ಹೋಗುವ ಹಿಂದಿನ ದಿನ ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದುಕೊಂಡು, ಮುಖ ನೋಡಿಕೊಂಡು, 'ನಾ ಮೀದ ಇಂಕಾ ಅಲಿಗೇ ಉನ್ನಾರಾ' ಎಂದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು, ಅದಕ್ಕೇ ಅದೊಂದು ನನಗೆ ಬಾಯಿಪಾಠವಾಯಿತು. ದಿಂಬು ಎತ್ತರಿಸಿದೆ, ಅದಲ್ಲ. ಕಂಬಳಿ ಹೊದಿಸಿದೆ, ಅದಲ್ಲ. ಗಂಜಿ ಹಿಡಿದೆ, ಬಾಯಿ ಮುಚ್ಚಿಕೊಂಡಳು, ಮತ್ತೆ ಕೇಳಿದಳು. ಕಾಯಿಲೆಯವರಿಗೆ ಹೇಳುವ ಹಾಗೆ ನಾನು, 'ಹೂಂ ಕಣೇ ಸೋಮೂ, ಹೂಂ, ಹೂಂ' ಎಂದು ತಲೆ ಸವರಿದೆ. ಅವಳು ಕೈ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಸಮಾಧಾನವಾಯಿತು ಅಂದುಕೊಂಡೆ ಮಗಳೇ ನಾನು. ಆಮೇಲೆ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ.

ಮೊನ್ನೆ ಮಂಗಳವಾರ ಕೆಂಚಯ್ಯನ ಮೊಮ್ಮಗಳು ಊಟ ಬೇಡವೆಂದು ಮೂಲೆಯಲ್ಲಿ ಕೂತಿದ್ದಳು. ಅವನು ಅವಳನ್ನು ತೋರಿಸಿ 'ಅಲಿಗಿಂದಿ' ಎಂದ. ಹಾಗಂದರೇನು ಎಂದೆ. 'ಮುನಿಸ್ಕಂಡವಳೆ ಅಂತ ಸಾ' ಎಂದ. ನಾನು ಆ ಮಾತನ್ನು ಪೂರ್ತಿ ಅವನ ಮುಂದೆ ಹೇಳಿ, ಸಂತೆಯಲ್ಲಿ ಯಾರೋ ಆಡುತ್ತಿದ್ದರು ಎಂದೆ. 'ನನ್ ಮ್ಯಾಲೆ ಇನ್ನೂ ಮುನಿಸ್ಕಂಡೇ ಇದ್ದೀರಾ ಅಂತ ಕೇಳ್ತಾ ಅವ್ರೆ' ಎಂದು ಅರ್ಥ ಹೇಳಿದ.

ನಾನು ಹೂಂ ಅಂದುಬಿಟ್ಟೆ ರುದ್ರಿ. ತೆಲುಗಿನಲ್ಲಿ ಇಲ್ಲ ಎನ್ನುವುದಕ್ಕೆ ಲೇದು ಎನ್ನಬೇಕು, ಎರಡೇ ಅಕ್ಷರ, ಕೆಂಚಯ್ಯ ಮೊದಲ ದಿನವೇ ಕಲಿಸಿದ. ಅಮ್ಮ ಏನಂದಳು ಎಂದು ನೀನು ಎರಡು ಸಲ ಕೇಳಿದೆ, ಅವಳು ಅಂದದ್ದು ಇದು, ನಾನು ಹೇಳಿದ್ದು ಅದು. ಇಷ್ಟು ತಿಳಿದ ಮೇಲೂ ಅಪ್ಪಯ್ಯ ನಿನ್ನ ಮನೆಗೆ ಬರಬಹುದು ಅನ್ನಿಸಿದರೆ ಯುಗಾದಿಯೊಳಗೆ ಒಂದು ಕಾರ್ಡು ಹಾಕು. ಅನ್ನಿಸದಿದ್ದರೆ ಬೇಡ. ನಾನು ಮುನಿಸಿಕೊಳ್ಳುವುದಿಲ್ಲ.